ನೆಲದ ಲೆಕ್ಕವೂ ನೀರಿನ ಲೆಕ್ಕವೂ
(ಘಾಟ್ಕೋಪರದ ಗುಡ್ಡದಿಂದ ಒಂದು ಪಾಠ)

ಮಳೆಗಾಲ ಹತ್ತಿರ ಬಂದಂತೆ ನಮ್ಮ ವಾಚನಾಲಯದ ಮೇಜಿನ ಮೇಲಿನ ವರ್ತಮಾನಪತ್ರಿಕೆಗಳಲ್ಲಿ ಒಂದು ಬಗೆಯ ನಕ್ಷೆ ಕಾಣಿಸಿಕೊಳ್ಳುತ್ತದೆ. ಮುಂಬಯಿಯ ಯಾವ ಭಾಗದಲ್ಲಿ ಎಷ್ಟು ನೀರು ನಿಲ್ಲಬಹುದೆಂದು ಅದರಲ್ಲಿ ನೀಲಿ, ಹಳದಿ, ಕೆಂಪು ಬಣ್ಣಗಳಿಂದ ತೋರಿಸಿರುತ್ತಾರೆ. ವಾಚಕರು ಬೆರಳಿಟ್ಟು ತಮ್ಮ ಚಾಳು ಯಾವ ಬಣ್ಣದೊಳಗಿದೆಯೆಂದು ಹುಡುಕುತ್ತಾರೆ. ಕೆಂಪಿನಲ್ಲಿ ಇಲ್ಲವೆಂದರೆ ಸಮಾಧಾನಪಡುತ್ತಾರೆ. ಆದರೆ ಆ ಬಣ್ಣ ಅಲ್ಲಿಗೆ ಬಂದದ್ದು ಹೇಗೆ? ಯಾರಾದರೂ ನಮ್ಮ ಓಣಿಗೆ ಬಂದು ಅಳತೆ ಮಾಡಿಕೊಂಡು ಹೋದರೆ? ಅಥವಾ ಎಲ್ಲೋ ಕುಳಿತು ಲೆಕ್ಕ ಹಾಕಿದರೆ? ಲೆಕ್ಕವಾದರೆ ಆ ಲೆಕ್ಕಕ್ಕೆ ಆಧಾರವಾದ ಅಂಕಿಗಳು ಎಂಥವು?

ಈ ಪ್ರಶ್ನೆಗಳಿಗೆ ಉತ್ತರ ತಿಳಿಯಲು ಇಂಜಿನಿಯರನೇ ಆಗಬೇಕೆಂದಿಲ್ಲ. ಕೂಡುವುದು, ಕಳೆಯುವುದು, ಸರಾಸರಿ ತೆಗೆಯುವುದು, ಇಷ್ಟು ಬಂದರೆ ಸಾಕು. ಈ ಪಾಠವನ್ನು ಓದುವಾಗ ಕೈಯಲ್ಲಿ ಒಂದು ಪೆನ್ಸಿಲು, ಒಂದು ಚೂರು ಕಾಗದ ಇಟ್ಟುಕೊಂಡರೆ ಒಳ್ಳೆಯದು.

1. ಜಲಾನಯನವೆಂದರೇನು?

ಒಂದು ಹೊಳೆಗೋ ನಾಲಾಕ್ಕೋ ಎಲ್ಲೆಲ್ಲಿಯ ಮಳೆನೀರು ಹರಿದು ಬಂದು ಸೇರುತ್ತದೆಯೋ ಆ ನೆಲವನ್ನೆಲ್ಲ ಕೂಡಿಸಿ ಆ ಹೊಳೆಯ ಜಲಾನಯನ ಪ್ರದೇಶವೆನ್ನುತ್ತಾರೆ. ಎರಡು ಜಲಾನಯನಗಳ ನಡುವಿನ ಏಣು ಜಲವಿಭಾಜಕ. ಮನೆಯ ಮಾಡಿನ ಮೇಲೆ ಬಿದ್ದ ನೀರು ಕೆಲವಷ್ಟು ಈಚೆ, ಕೆಲವಷ್ಟು ಆಚೆ ಇಳಿಯುವುದಿಲ್ಲವೆ? ಮಾಡಿನ ನೆತ್ತಿಯೇ ಅಲ್ಲಿ ಜಲವಿಭಾಜಕ.

ನಮ್ಮ ನಾಡಿನಲ್ಲಿ ಸಕಲೇಶಪುರದ ಕಡೆಯ ಘಟ್ಟದ ಏಣನ್ನು ನೆನೆಯಿರಿ. ಏಣಿನ ಮೂಡಲಿಗೆ ಬಿದ್ದ ಹನಿ ಹೇಮಾವತಿಗೆ ಸೇರಿ, ಕಾವೇರಿಯಾಗಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಲಿಗೆ ಬಿದ್ದದ್ದು ಕುಮಾರಧಾರೆಗಿಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಏಣಿನ ಮೇಲೆ ಮಾರು ದೂರದಲ್ಲಿ ಬಿದ್ದ ಎರಡು ಹನಿಗಳಿಗೆ ಎರಡು ಸಮುದ್ರ!

ಇಂಥ ಏಣು ನಮ್ಮ ಘಾಟ್ಕೋಪರದಲ್ಲೂ ಉಂಟು. ಪಶ್ಚಿಮದ ಗುಡ್ಡಸಾಲಿನ ಪಡುವಣ ಇಳಿಜಾರಿನ ನೀರು ಅಸಲ್ಫಾ, ಸಾಕಿನಾಕಾ ಕಡೆಗಿಳಿದು ಮಿಠಿ ನದಿಯನ್ನು ಸೇರಿ ಮಾಹಿಮ್ ಖಾಡಿಗೆ ಹೋಗುತ್ತದೆ. ಮೂಡಣ ಇಳಿಜಾರಿನದು ಚಾಳುಗಳ ನಡುವೆ ಇಳಿದು, ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗವನ್ನೂ ರೈಲು ದಾರಿಯನ್ನೂ ಮೋರಿಗಳ ಮೂಲಕ ದಾಟಿ, ಪೂರ್ವದ ನಾಲಾಗಳಲ್ಲಿ ಹರಿದು ಠಾಣೆ ಖಾಡಿಗೆ ಬೀಳುತ್ತದೆ. ಆದುದರಿಂದ ಗುಡ್ಡದ ನೆತ್ತಿಯ ಗೆರೆಯನ್ನು ನಕ್ಷೆಯಲ್ಲಿ ಐವತ್ತು ಮೀಟರ್ ಆಚೀಚೆ ಎಳೆದರೂ ಒಂದು ನಾಲಾದ ನೀರನ್ನು ಇನ್ನೊಂದರ ಖಾತೆಗೆ ಬರೆದಂತಾಗುತ್ತದೆ.

ನೀರಿನ ಮೊತ್ತ ತಿಳಿಯುವುದು ಹೀಗೆ. ಒಂದು ನಾಲಾದ ಜಲಾನಯನ 36 ಹೆಕ್ಟೇರ್ ಎಂದಿಟ್ಟುಕೊಳ್ಳೋಣ. ಅಂದರೆ 600 ಮೀಟರ್ ಉದ್ದ, 600 ಮೀಟರ್ ಅಗಲದ ನೆಲ. ಗಂಟೆಗೆ 50 ಮಿಲಿಮೀಟರ್ ಮಳೆ ಬೀಳುತ್ತಿದೆ. ನೆಲವೆಲ್ಲ ಸಿಮೆಂಟು, ಪತ್ರೆ, ಡಾಂಬರು. ಒಂದು ಹನಿಯೂ ಇಂಗುವುದಿಲ್ಲ. 3,60,000 ಚದರ ಮೀಟರನ್ನು 0.05 ಮೀಟರಿನಿಂದ ಗುಣಿಸಿದರೆ ಗಂಟೆಗೆ 18,000 ಘನ ಮೀಟರ್. ಅದನ್ನು 3,600 ಸೆಕೆಂಡುಗಳಿಂದ ಭಾಗಿಸಿದರೆ ಸೆಕೆಂಡಿಗೆ 5 ಘನ ಮೀಟರ್, ಎಂದರೆ 5,000 ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರು ಎರಡು ಸೆಕೆಂಡಿಗೊಂದರಂತೆ ಆ ನಾಲಾಕ್ಕೆ ಸುರಿದ ಹಾಗೆ.

ಮುಂಬಯಿಯ ಹಳೆಯ ಮಳೆನೀರಿನ ಚರಂಡಿಗಳನ್ನು ಕಟ್ಟಿದ ಲೆಕ್ಕ ಬೇರೆ. ಗಂಟೆಗೆ 25 ಮಿ.ಮೀ. ಮಳೆ, ಅದರಲ್ಲಿ ಅರ್ಧ ನೆಲಕ್ಕೆ ಇಂಗುತ್ತದೆ, ಅರ್ಧ ಹರಿಯುತ್ತದೆ ಎಂದು ಹಿಡಿದಿದ್ದರು. ಅದೇ 36 ಹೆಕ್ಟೇರಿಗೆ ಆ ಲೆಕ್ಕದಲ್ಲಿ ಸೆಕೆಂಡಿಗೆ 1,250 ಲೀಟರ್ ಮಾತ್ರ. ಈಗಿನ ಲೆಕ್ಕ ಅದರ ನಾಲ್ಕು ಪಟ್ಟು. ಅದರಲ್ಲಿ ಎರಡು ಪಟ್ಟು ಊರು ಬೆಳೆದು ಮಣ್ಣು ಮುಚ್ಚಿದ್ದರ ಫಲ, ಇನ್ನೆರಡು ಪಟ್ಟು ಮಳೆಯನ್ನು ಹೆಚ್ಚು ಹಿಡಿದದ್ದರ ಫಲ.

ಇಷ್ಟೆಲ್ಲಕ್ಕೂ ಮೂಲವಾದ ಒಂದು ಅಂಕಿ, ಆ 36 ಹೆಕ್ಟೇರು. ಅದು ಸರಿಯೆಂದು ಹೇಳಿದವರಾರು? ನೆಲದ ಎತ್ತರದ ನಕ್ಷೆ. ಇನ್ನು ಅದರ ವಿಚಾರಕ್ಕೆ ಬರೋಣ.

2. ಎತ್ತರವನ್ನು ಬರೆದಿಡುವ ಬಗೆ

ಹಿಂದಿನಿಂದ ಬಂದ ಪದ್ಧತಿ ಸಮೋನ್ನತಿ ರೇಖೆಗಳದ್ದು. ಒಂದೇ ಎತ್ತರದ ಜಾಗಗಳನ್ನೆಲ್ಲ ಸೇರಿಸಿ ಒಂದು ಗೆರೆ ಎಳೆಯುತ್ತಾರೆ. ಗೆರೆಗಳು ಒತ್ತಾಗಿದ್ದರೆ ನೆಲ ಕಡಿದಾಗಿದೆ, ದೂರ ದೂರವಿದ್ದರೆ ಸಮತಟ್ಟಾಗಿದೆ ಎಂದರ್ಥ. ಭಾರತದ ಸರ್ವೇಕ್ಷಣ ಇಲಾಖೆ 1767ರಷ್ಟು ಹಳೆಯದು. ಒಂದು ಮೈಲಿಗೆ ಒಂದು ಅಂಗುಲದ ಅದರ ಹಳೆಯ ಹಾಳೆಗಳಲ್ಲಿ ಸಾಮಾನ್ಯವಾಗಿ 50 ಅಡಿಗೊಂದು ಗೆರೆ. ಮೆಟ್ರಿಕ್ ಕ್ರಮದ, ಐವತ್ತು ಸಾವಿರಕ್ಕೆ ಒಂದರ ಹಾಳೆಗಳಲ್ಲಿ ಸಾಮಾನ್ಯವಾಗಿ 20 ಮೀಟರಿಗೊಂದು ಗೆರೆ. ಘಾಟ್ಕೋಪರ ಪೂರ್ವದಲ್ಲಿ ಖಾಡಿಯ ದಂಡೆಯಿಂದ ರೈಲು ದಾರಿಯವರೆಗೆ ಬಂದರೂ 20 ಮೀಟರ್ ಏರುವುದಿಲ್ಲ. ಆದ್ದರಿಂದ ಅಂಥ ಹಾಳೆಯಲ್ಲಿ ಈ ನೆಲವೆಲ್ಲ ಎರಡು ಗೆರೆಗಳ ನಡುವಿನ ಖಾಲಿ ಜಾಗ. ಎಲ್ಲಿ ತಗ್ಗು, ಎಲ್ಲಿ ದಿಬ್ಬ, ಏನೂ ತಿಳಿಯದು.

ಈಗಿನ ಪದ್ಧತಿ ಚೌಕಗಳದ್ದು. ನೆಲದ ಮೇಲೆ ಚದುರಂಗದ ಹಾಸಿನಂತೆ ಚೌಕಗಳನ್ನು ಹಾಸಿ, ಒಂದೊಂದು ಚೌಕಕ್ಕೆ ಎತ್ತರದ ಒಂದೇ ಒಂದು ಅಂಕಿ ಬರೆಯುವುದು. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಆಕಾಶನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರೇಡಾರಿನಿಂದ ಜಗತ್ತಿನ ಬಹುಭಾಗದ ಎತ್ತರ ಅಳೆಯಿತು. ಅದರ ಅಂಕಿಗಳು ನಮ್ಮ ದೇಶಕ್ಕೆ ಮೊದಲು 90 ಮೀಟರಿನ ಚೌಕಗಳಲ್ಲಿ, ಅನೇಕ ವರ್ಷಗಳ ಮೇಲೆ 30 ಮೀಟರಿನ ಚೌಕಗಳಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ದೊರೆತವು. ನಮ್ಮವರೇ 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹ, ಒಂದೇ ಜಾಗದ ಎರಡು ಚಿತ್ರಗಳನ್ನು ಎರಡು ಕೋನಗಳಿಂದ ತೆಗೆದು ಎತ್ತರ ಕಂಡುಹಿಡಿಯಲು ನೆರವಾಯಿತು; ಅದರಿಂದ ತಯಾರಾದ 30 ಮೀಟರ್ ಚೌಕದ ಅಂಕಿಗಳನ್ನು ಭುವನ್ ಎಂಬ ಸರಕಾರಿ ತಾಣದಲ್ಲಿ ಇಟ್ಟರು. ಇದಕ್ಕಿಂತ ಸೂಕ್ಷ್ಮವಾದುದು ವಿಮಾನದಿಂದ ಲೇಸರ್ ಕಿರಣ ಬಿಟ್ಟು ಅಳೆಯುವ ಕ್ರಮ. ಲೈಡಾರ್ ಎಂದು ಅದರ ಹೆಸರು. ಅದರಲ್ಲಿ ಒಂದು ಮೀಟರಿನ ಚೌಕಗಳೂ ಸಾಧ್ಯ.

ಚೌಕ ಚಿಕ್ಕದಾದಷ್ಟೂ ಅಂಕಿಗಳು ಹೆಚ್ಚುತ್ತವೆ. ಒಂದು ಚದರ ಕಿಲೋಮೀಟರಿಗೆ 90 ಮೀಟರಿನ ಚೌಕಗಳು ಸುಮಾರು 123. 30 ಮೀಟರಿನವು ಸುಮಾರು 1,111. 10 ಮೀಟರಿನವು 10,000. ಒಂದು ಮೀಟರಿನವು ಹತ್ತು ಲಕ್ಷ. ಚೌಕದ ಬದಿಯನ್ನು ಅರ್ಧ ಮಾಡಿದರೆ ಅಂಕಿಗಳು ನಾಲ್ಕು ಪಟ್ಟಾಗುತ್ತವೆ. ನೆರೆಯ ಲೆಕ್ಕದಲ್ಲಿ ನೀರನ್ನು ಚೌಕದಿಂದ ಚೌಕಕ್ಕೆ ಕ್ಷಣಕ್ಷಣಕ್ಕೂ ಸಾಗಿಸಬೇಕಾದ್ದರಿಂದ ಆ ಕ್ಷಣವನ್ನೂ ಸಾಮಾನ್ಯವಾಗಿ ಅರ್ಧ ಮಾಡಬೇಕು; ಒಟ್ಟು ಕೆಲಸ ಎಂಟು ಪಟ್ಟು. ಸೂಕ್ಷ್ಮ ಲೆಕ್ಕ ದುಬಾರಿಯಾಗುವುದು ಇದಕ್ಕಾಗಿ.

3. ಚೌಕ ದೊಡ್ಡದಾದರೆ ಏನಾಗುತ್ತದೆ?

ಮೊದಲನೆಯದಾಗಿ, ಇಳಿಜಾರು ಮಟ್ಟವಾಗುತ್ತದೆ. ಒಂದು ಗುಡ್ಡದ ಬುಡದಿಂದ ಮೇಲಕ್ಕೆ 30 ಮೀಟರಿಗೊಂದರಂತೆ ಎತ್ತರ ಬರೆದಿದ್ದೇವೆಂದು ತಿಳಿಯಿರಿ: 10, 11, 12, 30, 50, 52. ಇದರಲ್ಲಿ ಅತಿ ಕಡಿದಾದ ಜಾಗ 30ರಿಂದ 50ಕ್ಕೆ ಏರುವಲ್ಲಿ. 30 ಮೀಟರ್ ನಡೆದರೆ 20 ಮೀಟರ್ ಏರು, ಎಂದರೆ ನೂರಕ್ಕೆ 67. ಈಗ ಮೂರು ಮೂರನ್ನು ಕೂಡಿಸಿ 90 ಮೀಟರಿನ ಚೌಕ ಮಾಡೋಣ. ಮೊದಲ ಮೂರರ ಸರಾಸರಿ 11, ಮುಂದಿನ ಮೂರರದು 44. ಏರು 33 ಮೀಟರ್, ದೂರ 90 ಮೀಟರ್, ನೂರಕ್ಕೆ 37. ಗುಡ್ಡ ಅಲ್ಲೇ ಇದೆ, ಅದರ ಕಡಿದು ಮಾತ್ರ ಕಾಗದದ ಮೇಲೆ ಅರ್ಧದಷ್ಟಾಯಿತು. ನೆತ್ತಿಯೂ 52ರಿಂದ 44ಕ್ಕೆ ಇಳಿಯಿತು.

ಸರಾಸರಿಯ ಗುಣವೇ ಇದು. ಒಂದು ಖಾತೆಯ ನೂರು ಕೆಲಸಗಾರರ ಸರಾಸರಿ ಸಂಬಳವನ್ನು ನೋಡಿದರೆ ಅತಿ ಕಡಿಮೆ ಪಡೆಯುವವನ ಮನೆಯ ಪಾಡು ಅದರಲ್ಲಿ ಕಾಣುತ್ತದೆಯೆ?

ಇಳಿಜಾರಿನ ಮೇಲೆ ನೀರಿನ ವೇಗ ನಿಂತಿದೆ. ವೇಗವು ಇಳಿಜಾರಿನ ವರ್ಗಮೂಲದಂತೆ ಬದಲಾಗುತ್ತದೆಂಬುದು ನೀರಿನ ಶಾಸ್ತ್ರದ ಸಾಮಾನ್ಯ ಸೂತ್ರ. 67ರ ಬದಲು 37 ಎಂದು ಹಿಡಿದರೆ ವೇಗ ಸುಮಾರು ಕಾಲುಭಾಗ ಕಡಿಮೆ ಬರುತ್ತದೆ. ನೀರು ನಿಧಾನವಾಗಿ ಬರುತ್ತದೆ, ಜನಕ್ಕೆ ಎದ್ದು ಹೋಗಲು ಸಮಯವಿದೆ ಎಂದು ಲೆಕ್ಕ ಹೇಳುತ್ತದೆ; ಗುಡ್ಡ ಹಾಗೆ ಹೇಳುವುದಿಲ್ಲ. ಇದು ನೀರಿಗೆ ಮಾತ್ರವಲ್ಲ, ಮಣ್ಣಿಗೂ ಅನ್ವಯಿಸುತ್ತದೆ. 2000ದ ಜುಲೈ 12ರಂದು ಘಾಟ್ಕೋಪರದ ಆಜಾದ್ ನಗರದಲ್ಲಿ ಗುಡ್ಡ ಕುಸಿದು ಝೋಪಡಿಗಳ ಮೇಲೆ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಅಪಾಯದ ಇಳಿಜಾರನ್ನು ಹುಡುಕುವವರು 90 ಮೀಟರಿನ ಚೌಕ ಹಿಡಿದು ಹೊರಟರೆ ಅಂಥ ಕಡಿದು ಗೋಡೆಗಳು ಸರಾಸರಿಯೊಳಗೆ ಅಡಗಿಹೋಗುತ್ತವೆ.

ಎರಡನೆಯದಾಗಿ, ಗಡಿ ತಪ್ಪುತ್ತದೆ. ನಮ್ಮ 36 ಹೆಕ್ಟೇರಿನ ನೆಲಕ್ಕೆ ಮತ್ತೆ ಬನ್ನಿ. ಅದರಲ್ಲಿ 90 ಮೀಟರಿನ ಚೌಕಗಳು ಸುಮಾರು 44. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಡಿಯ ಮೇಲೆಯೇ ಇರುತ್ತವೆ. ಗಡಿಯ ಚೌಕವು ಸ್ವಲ್ಪ ಈ ಜಲಾನಯನದ್ದು, ಸ್ವಲ್ಪ ಪಕ್ಕದ್ದು. ಆದರೆ ಲೆಕ್ಕದಲ್ಲಿ ಇಡೀ ಚೌಕ ಒಂದು ಕಡೆಗೇ ಹೋಗಬೇಕು. ಅರ್ಧ ಆಸ್ತಿಯೇ ತಗಾದೆಯಲ್ಲಿದ್ದಂತೆ! ಅದೇ 30 ಮೀಟರಿನಲ್ಲಿ 400 ಚೌಕ, ಗಡಿಯವು 76; ಎಂದರೆ ಶೇಕಡಾ 19. 10 ಮೀಟರಿನಲ್ಲಿ 3,600 ಚೌಕ, ಗಡಿಯವು 236. ಶೇಕಡಾ 7ಕ್ಕೂ ಕಡಿಮೆ. ಇನ್ನು ಮಿಠಿ ನದಿಯ ಇಡೀ ಜಲಾನಯನ ಸುಮಾರು 73 ಚದರ ಕಿಲೋಮೀಟರು. ಅದನ್ನು ಒಂದು ದೊಡ್ಡ ಚೌಕವೆಂದೇ ಎಣಿಸಿದರೆ 90 ಮೀಟರಿನ ಸುಮಾರು 9,000 ಚೌಕಗಳು. ಗಡಿಯವು ನಾಲ್ಕು ನೂರಕ್ಕೂ ಕಡಿಮೆ, ಶೇಕಡಾ 4ರ ಸುಮಾರು. ಅಂದಮೇಲೆ ಯಾವ ಚೌಕ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಬರಿದೆ ಕೇಳುವುದರಲ್ಲಿ ಅರ್ಥವಿಲ್ಲ. ನದಿಗೆ ಸಾಕಾದ ಚೌಕ ನಾಲಾಕ್ಕೆ ಸಾಲದು. ನದಿಯ ಲೆಕ್ಕ ಸರಿಬಂದಿತೆಂದು ಓಣಿಯ ಲೆಕ್ಕವೂ ಸರಿಯೆಂದು ನಂಬಬಾರದು.

ಮೂರನೆಯದಾಗಿ, ದಾರಿ ತಪ್ಪುತ್ತದೆ. ಲೆಕ್ಕದ ಯಂತ್ರ ನೀರನ್ನು ಸಾಗಿಸುವುದು ಚದುರಂಗದ ರಾಜನ ನಡೆಯಂತೆ: ಸುತ್ತಲಿನ ಎಂಟು ಚೌಕಗಳಲ್ಲಿ ಇಳಿಜಾರು ಅತಿ ಹೆಚ್ಚಿರುವ ಕಡೆಗೆ ಒಂದು ಹೆಜ್ಜೆ. ಗುಡ್ಡದಲ್ಲಿ ಇದು ಸರಿಹೋಗುತ್ತದೆ. ಸಮತಟ್ಟಾದ ಜಾಗದಲ್ಲಿ ಚೌಕ ಚೌಕಕ್ಕೆ ಗೇಣುದ್ದದ ವ್ಯತ್ಯಾಸವಿರುವಾಗ, ಅಂಕಿಗಳಲ್ಲೇ ಕೆಲವು ಮೀಟರುಗಳ ತಪ್ಪಿದ್ದರೆ, ನೀರು ಎತ್ತ ಹೋಗುತ್ತದೆಂಬುದು ಕವಡೆ ಎಸೆದಂತೆಯೇ. ವಿಜಯಪುರದ ಕಡೆಯಿಂದ ಬಂದ ವಾಚಕರಿಗೆ ಡೋಣಿ ನದಿ ಗೊತ್ತು. ಎರೆಭೂಮಿಯ ಸಮನೆಲದಲ್ಲಿ ಹೂಳು ತುಂಬಿ, ಮಳೆ ಬಂದಾಗ ಎರಡೂ ದಡ ಬಿಟ್ಟು ಹೊಲಗಳ ಮೇಲೆ ಹರಡುವ ಹೊಳೆ ಅದು. ನೇತ್ರಾವತಿಯ ಮೇಲಣ ಕಣಿವೆಯಲ್ಲಿ ಒಂದೆರಡು ಮೀಟರಿನ ತಪ್ಪು ಲೆಕ್ಕಕ್ಕೇ ಬಾರದು. ಡೋಣಿಯಲ್ಲಿ ಅದು ಊರಿಗೂ ಹೊಲಕ್ಕೂ ನಡುವಿನ ವ್ಯತ್ಯಾಸ. ಕುರ್ಲಾ, ಘಾಟ್ಕೋಪರ ಪೂರ್ವ ಮುಂತಾದ ತಗ್ಗು ಪ್ರದೇಶಗಳು ಈ ವಿಷಯದಲ್ಲಿ ಡೋಣಿಯ ಜಾತಿಗೆ ಸೇರಿದವು.

ಅದಲ್ಲದೆ ಹೊಳೆಯ ಡೊಂಕುಗಳೆಲ್ಲ ದೊಡ್ಡ ಚೌಕದೊಳಗೆ ಮುಚ್ಚಿಹೋಗಿ, ನಕ್ಷೆಯ ಹೊಳೆ ನಿಜವಾದ ಹೊಳೆಗಿಂತ ಗಿಡ್ಡವಾಗುತ್ತದೆ. ಹತ್ತು ಹನ್ನೆರಡು ಅಡಿ ಅಗಲದ ಚಾಳಿನ ನಾಲಾವಂತೂ 30 ಮೀಟರಿನ ಚೌಕದಲ್ಲೂ ಕಾಣುವುದಿಲ್ಲ.

ನಾಲ್ಕನೆಯದಾಗಿ, ತಗ್ಗುಗಳು ಮಾಯವಾಗುತ್ತವೆ. ಎಂಟೂ ಕಡೆಗಿಂತ ತಗ್ಗಾದ ಚೌಕ ಸಿಕ್ಕರೆ ಯಂತ್ರದ ನೀರು ಅಲ್ಲೇ ನಿಂತುಬಿಡುತ್ತದೆ. ಇಂಥವು ಬಹುಮಟ್ಟಿಗೆ ಅಳತೆಯ ತಪ್ಪಿನಿಂದ ಆದ ಗುಂಡಿಗಳೆಂದು ಭಾವಿಸಿ, ಲೆಕ್ಕ ಮಾಡುವವರು ಅವುಗಳನ್ನು ಮೊದಲೇ ತುಂಬಿಸಿ ಮಟ್ಟ ಮಾಡುತ್ತಾರೆ. ಕಾಡು ಬೆಟ್ಟಗಳಲ್ಲಿ ಇದು ಸರಿಯಾದೀತು. ಮುಂಬಯಿಯಲ್ಲಿ ಹಿಂದ್‌ಮಾತಾದ ತಗ್ಗೂ ಮಿಲನ್ ಸಬ್‌ವೇಯೂ ಅಳತೆಯ ತಪ್ಪಲ್ಲ, ನಿಜವಾದ ಗುಂಡಿಗಳು. ಅಲ್ಲಿ ನೀರು ನಿಲ್ಲುವುದೇ ನಮಗೆ ತಿಳಿಯಬೇಕಾದ ಸಂಗತಿ. ಅದನ್ನು ತುಂಬಿಸಿಬಿಟ್ಟರೆ ನಕ್ಷೆ ಚೆಂದವಾಗುತ್ತದೆ, ಸಬ್‌ವೇ ಮುಳುಗುವುದು ತಪ್ಪುವುದಿಲ್ಲ.

4. ತಾಳೆಪಟ್ಟಿ ತಾಳೆಯಾದರೆ ಸಾಕೆ?

ಇಷ್ಟೊಂದು ತಪ್ಪುಗಳಿದ್ದರೆ ಲೆಕ್ಕ ಸುಳ್ಳಾಗಿ ಕೂಡಲೇ ಸಿಕ್ಕಿಬೀಳಬೇಕಲ್ಲ ಎಂದು ವಾಚಕರು ಕೇಳಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಇಳಿಜಾರು ಕಡಿಮೆಯೆಂದು ಹಿಡಿದಾಗ ನೀರು ತಡವಾಗಿ ಬರುತ್ತದೆ. ಹೊಳೆ ಗಿಡ್ಡವೆಂದು ಹಿಡಿದಾಗ ನೀರು ಬೇಗ ಬರುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಮರೆಮಾಡಬಲ್ಲವು. ಉಳಿದ ಅಂತರವನ್ನು ‘ನೆಲ ಇಷ್ಟು ನೀರು ಹೀರುತ್ತದೆ, ಹೊಳೆಯ ತಳ ಇಷ್ಟು ಒರಟಾಗಿದೆ’ ಎಂಬ ಅಂಕಿಗಳನ್ನು ಹಿಂದುಮುಂದು ಸರಿಸಿ ಸರಿಪಡಿಸುತ್ತಾರೆ. ಕೊನೆಗೆ ನದಿಯ ಮುಖದಲ್ಲಿ ಅಳೆದ ನೀರಿಗೂ ಲೆಕ್ಕದ ನೀರಿಗೂ ತಾಳೆ ಬೀಳುತ್ತದೆ.

ಲೆಕ್ಕದ ಪುಸ್ತಕ ಬರೆಯುವವರಿಗೆ ಇದು ಹೊಸದಲ್ಲ. ಬಟವಾಡೆ ಪುಸ್ತಕದಲ್ಲಿ ಒಬ್ಬನ ಹೆಸರಿಗೆ 500 ರೂ. ಹೆಚ್ಚು, ಇನ್ನೊಬ್ಬನ ಹೆಸರಿಗೆ 500 ರೂ. ಕಡಿಮೆ ಬರೆದರೆ ತಾಳೆಪಟ್ಟಿ ಕಾಸಿಗೆ ಕಾಸು ತಾಳೆಯಾಗುತ್ತದೆ. ಮೇಲಿನ ಅಧಿಕಾರಿ ರುಜು ಹಾಕುತ್ತಾರೆ. ಆದರೆ ಸಂಬಳದ ದಿನ ಕಿಟಕಿಯ ಮುಂದೆ ನಿಂತ ಆ ಎರಡನೆಯವನಿಗೆ ಮೊತ್ತ ಸರಿಯಿದೆಯೆಂದು ಹೇಳಿದರೆ ಏನು ಪ್ರಯೋಜನ? ನದಿಯ ಮುಖದಲ್ಲಿ ಸರಿಬಂದ ಲೆಕ್ಕವೂ ಹಾಗೆಯೇ. ನಡುವಿನ ಒಂದು ಚಾಳಿನಲ್ಲಿ ಅದು ಮೊಣಕಾಲಷ್ಟು ನೀರಿಗೆ ಬದಲಾಗಿ ಸೊನ್ನೆ ತೋರಿಸಬಹುದು. ಆದುದರಿಂದ ಜಾಣರಾದ ಲೆಕ್ಕಿಗರು ಮುಖದಲ್ಲಿ ಮಾತ್ರವಲ್ಲದೆ ನಡುನಡುವೆಯೂ ನೀರಿನ ಮಟ್ಟವನ್ನು ತಾಳೆ ನೋಡುತ್ತಾರೆ.

5. ಹಾಗಾದರೆ ಅತಿ ಚಿಕ್ಕ ಚೌಕವೇ ಉತ್ತಮವೆ?

ಹಾಗೂ ಹೇಳುವಂತಿಲ್ಲ. ಚಿಕ್ಕ ಚೌಕಕ್ಕೆ ಅದರದೇ ಆದ ಬಲೆಗಳಿವೆ.

ರೈಲು ದಾರಿಯನ್ನು ನೋಡಿ. ಮುಂಬಯಿಯಿಂದ ಠಾಣೆಗೆ 1853ರ ಏಪ್ರಿಲ್ 16ರಂದು ಮೊದಲ ಗಾಡಿ ಓಡಿದ ದಾರಿಯೇ ನಮ್ಮ ಘಾಟ್ಕೋಪರವನ್ನು ಪೂರ್ವ ಪಶ್ಚಿಮವೆಂದು ಸೀಳಿದೆ. ದೊಡ್ಡ ಚೌಕದ ನಕ್ಷೆಯಲ್ಲಿ ರೈಲಿನ ಮಣ್ಣಿನ ಏರಿ ಕಾಣುವುದೇ ಇಲ್ಲ. ನೀರು ಅಡ್ಡಿಯಿಲ್ಲದೆ ಅಗಲವಾಗಿ ಪೂರ್ವಕ್ಕೆ ಹರಿಯುತ್ತದೆ. ಚಿಕ್ಕ ಚೌಕದ ನಕ್ಷೆಯಲ್ಲಿ ಏರಿ ಚೆನ್ನಾಗಿ ಕಾಣುತ್ತದೆ. ಆದರೆ ಅದರ ಕೆಳಗಿನ ಮೋರಿ ಆಕಾಶದಿಂದ ಕಾಣುವುದಿಲ್ಲ. ಏರಿ ಅಣೆಕಟ್ಟಾಗಿ, ಪಶ್ಚಿಮವೆಲ್ಲ ಕೆರೆಯಾಗುತ್ತದೆ! ಎರಡೂ ತಪ್ಪು. ಮೋರಿ ಎಲ್ಲಿದೆ, ಎಷ್ಟು ಅಗಲ, ಎಷ್ಟು ಆಳ, ಅದರಲ್ಲಿ ಎಷ್ಟು ಕಸ ತುಂಬಿದೆ ಎಂಬುದನ್ನು ಮನುಷ್ಯನೇ ನಡೆದು ಹೋಗಿ ನೋಡಿ ಬರೆಯಬೇಕು. ಎಷ್ಟೇ ದುಬಾರಿ ಅಳತೆಯಾದರೂ ಈ ನಡಿಗೆಯನ್ನು ತಪ್ಪಿಸಲಾಗದು.

ಮೆಟ್ರೋದ ಮಾತೂ ಹೀಗೆಯೇ. ವರ್ಸೋವಾದಿಂದ ಘಾಟ್ಕೋಪರಕ್ಕೆ 2014ರ ಜೂನ್ 8ರಂದು ಆರಂಭವಾದ ದಾರಿ ಕಂಬಗಳ ಮೇಲಿದೆ. ಕೆಳಗೆ ನೀರು ಆರಾಮವಾಗಿ ಹರಿಯುತ್ತದೆ. ಮೇಲಿನಿಂದ ಅಳೆದವರು ಅದನ್ನು ತೆಗೆದುಹಾಕದಿದ್ದರೆ ಅದು ಗೋಡೆಯಾಗಿ ನಿಲ್ಲುತ್ತದೆ. 2000ದ ಅಂಕಿಗಳಲ್ಲಿ ಅದು ಇಲ್ಲವೇ ಇಲ್ಲ. ಆಮೇಲೆ ಕಟ್ಟಿದ ಕಟ್ಟಡಗಳೂ ಹಾಕಿದ ಭರಾವೂ ಇಲ್ಲ. ಆದ್ದರಿಂದ ಚೌಕದ ಅಳತೆಯ ಜೊತೆಗೆ ಅಂಕಿಗಳ ವಯಸ್ಸನ್ನೂ ಕೇಳಬೇಕು.

ಇನ್ನೊಂದು ಬಲೆ ಮಾಡಿನದು. ಆಕಾಶದ ರೇಡಾರು ಒತ್ತಾದ ಪೇಟೆಯಲ್ಲಿ ನೆಲವನ್ನು ಕಾಣದೆ ಮಾಡುಗಳನ್ನೂ ಮರದ ತಲೆಗಳನ್ನೂ ಅಳೆಯುತ್ತದೆ. ಸಮುದ್ರಮಟ್ಟದಿಂದ ಮೂರು ಮೀಟರಿನ ನೆಲ ಎಂಟು ಮೀಟರೆಂದು ದಾಖಲಾದರೆ ಅಲ್ಲಿಯ ಜನ ಕಾಗದದ ಮೇಲೆ ಸುರಕ್ಷಿತರು. 2019ರಲ್ಲಿ ಅಮೆರಿಕದ ಕ್ಲೈಮೇಟ್ ಸೆಂಟ್ರಲ್ ಸಂಸ್ಥೆಯ ಸಂಶೋಧಕರು ಈ ತಪ್ಪನ್ನು ತಿದ್ದಿ ಮತ್ತೆ ಎಣಿಸಿದಾಗ, 2050ರ ಹೊತ್ತಿಗೆ ವರ್ಷಕ್ಕೊಮ್ಮೆಯಾದರೂ ಸಮುದ್ರದ ನೆರೆಗೆ ಸಿಕ್ಕಬಹುದಾದ ನೆಲದ ಮೇಲೆ ಜಗತ್ತಿನಲ್ಲಿ ವಾಸಿಸುವವರ ಸಂಖ್ಯೆ ಮೊದಲಿನ ಎಣಿಕೆಯ ಮೂರು ಪಟ್ಟಿಗಿಂತ ಹೆಚ್ಚಾಯಿತು. ಸಮುದ್ರ ಒಂದಂಗುಲವೂ ಏರಿರಲಿಲ್ಲ. ನೆಲದ ಅಂಕಿ ಇಳಿದಿತ್ತು, ಅಷ್ಟೇ.

ಕೊನೆಯದಾಗಿ ಸೊನ್ನೆಯ ವಿಚಾರ. ಸರ್ವೇಕ್ಷಣ ಇಲಾಖೆಯ ಎತ್ತರಗಳಿಗೆ ಸರಾಸರಿ ಸಮುದ್ರಮಟ್ಟ ಸೊನ್ನೆ. ಮುಂಬಯಿ ಮಹಾನಗರಪಾಲಿಕೆಯ ಚರಂಡಿ ನಕ್ಷೆಗಳಿಗೆ ಟೌನ್ ಹಾಲ್ ಡೇಟಂ ಎಂಬ ಬೇರೆಯೇ ಸೊನ್ನೆ. ಪತ್ರಿಕೆಯಲ್ಲಿ ಬರುವ ಭರತಿಯ ಎತ್ತರಕ್ಕೆ ನಾವಿಕರ ಪಟದ ಸೊನ್ನೆ. ಅದು ಸರಾಸರಿ ಸಮುದ್ರಮಟ್ಟಕ್ಕಿಂತ ಸುಮಾರು ಎರಡೂವರೆ ಮೀಟರ್ ಕೆಳಗಿದೆ. ಆದ್ದರಿಂದ ‘ಇಂದು ನಾಲ್ಕೂವರೆ ಮೀಟರಿನ ಭರತಿ’ ಎಂದು ಓದಿ, ನಾಲ್ಕು ಮೀಟರ್ ಎತ್ತರದ ತಮ್ಮ ಓಣಿಗೆ ಸಮುದ್ರವೇ ಬರುತ್ತದೆಂದು ಯಾರೂ ಗಾಬರಿಯಾಗಬೇಕಿಲ್ಲ. ಮೂರು ಬೇರೆ ಬೇರೆ ನಾಣ್ಯಗಳ ಮೊತ್ತವನ್ನು ಒಂದೇ ಅಂಕಣದಲ್ಲಿ ಕೂಡಿಸಬಾರದಲ್ಲವೆ?

6. 2005ರ ಜುಲೈ 26

ಆ ದಿನವನ್ನು ಕಂಡವರು ಮರೆಯಲಾರರು. ಸಾಂತಾಕ್ರೂಜ್ ಕೇಂದ್ರದಲ್ಲಿ ಒಂದು ದಿನದೊಳಗೆ 944 ಮಿ.ಮೀ. ಮಳೆ, ಅದರಲ್ಲಿ ಒಂದೇ ಗಂಟೆಯಲ್ಲಿ 190 ಮಿ.ಮೀ. ಅದೇ ದಿನ ಕೊಲಾಬಾದಲ್ಲಿ ಕೇವಲ 73 ಮಿ.ಮೀ. ಗಂಟೆಗೆ 25ರ ಚರಂಡಿ, 190ರ ಮಳೆ. ಮಧ್ಯಾಹ್ನ ಸಮುದ್ರದಲ್ಲಿ ಸುಮಾರು ನಾಲ್ಕೂವರೆ ಮೀಟರಿನ ಭರತಿ. ಮಿಠಿ ನದಿ ದಂಡೆ ಮೀರಿತು. ಸಾಕಿನಾಕಾದಲ್ಲಿ ಗುಡ್ಡ ಕುಸಿಯಿತು. ಮುಂಬಯಿಯಲ್ಲಿಯೇ ನಾಲ್ಕು ನೂರಕ್ಕೂ ಹೆಚ್ಚು ಜನ ಸತ್ತರು. ಅಂಥ ಮಳೆಗೆ ಯಾವ ನಕ್ಷೆಯೂ ಅಡ್ಡ ನಿಲ್ಲಲಾರದು, ನಿಜ. ಆದರೆ ನೀರು ಎತ್ತ ಹೋಗುತ್ತದೆ, ಯಾವ ಓಣಿ ಮೊದಲು ಮುಳುಗುತ್ತದೆ, ಯಾವ ರಸ್ತೆಯಿಂದ ಮನೆಗೆ ಹೋಗಬಾರದು ಎಂದು ಹೇಳಬಲ್ಲ ಲೆಕ್ಕ ಊರಿಗೆ ಬೇಕಿತ್ತು.

ಮಳೆಯ ಅಂಕಿಗಳಲ್ಲೂ ಇದೇ ಪಾಠವಿದೆ. ಸಾಂತಾಕ್ರೂಜ್ ಮತ್ತು ಕೊಲಾಬಾ ಎರಡರ ಸರಾಸರಿ ತೆಗೆದರೆ 508 ಮಿ.ಮೀ. ಬರುತ್ತದೆ. ಆ 508 ಎರಡೂ ಕಡೆ ಬೀಳಲಿಲ್ಲ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರಲ್ಲಿ ಪಟ್ಟಣಗಳ ನೆರೆಯ ಬಗ್ಗೆ ಹೊರಡಿಸಿದ ಮಾರ್ಗದರ್ಶಿಯಲ್ಲಿ, ಚರಂಡಿಗಳ ಯೋಜನೆಗೆ ವಾರ್ಡಿನ ಗಡಿಯಲ್ಲ, ಜಲಾನಯನವೇ ಆಧಾರವಾಗಬೇಕೆಂದಿತು. 0.2ರಿಂದ 0.5 ಮೀಟರಿಗೊಂದು ಸಮೋನ್ನತಿ ರೇಖೆಯ ನಕ್ಷೆ ಬೇಕೆಂದಿತು. ನಾಲ್ಕು ಚದರ ಕಿಲೋಮೀಟರಿಗೊಂದು ಮಳೆಮಾಪಕ ಬೇಕೆಂದಿತು. 20 ಮೀಟರಿನ ಗೆರೆಯನ್ನೂ ಗೇಣುದ್ದದ ಗೆರೆಯನ್ನೂ ಹೋಲಿಸಿ ನೋಡಿದರೆ ಪಟ್ಟಣದ ಕೆಲಸ ಎಷ್ಟು ಸೂಕ್ಷ್ಮವೆಂದು ತಿಳಿಯುತ್ತದೆ. 2020ರ ಜೂನ್ 12ರಂದು ಕೇಂದ್ರದ ಭೂವಿಜ್ಞಾನ ಸಚಿವಾಲಯ ಹಾಗೂ ಮಹಾನಗರಪಾಲಿಕೆ ಸೇರಿ ಮುಂಬಯಿಗೆ ‘ಐಫ್ಲೋಸ್’ ಎಂಬ ನೆರೆ ಮುನ್ಸೂಚನೆಯ ಏರ್ಪಾಡನ್ನು ಆರಂಭಿಸಿದವು. ಮಳೆಯ ಮುನ್ಸೂಚನೆ, ನೆಲದ ಎತ್ತರ, ಚರಂಡಿ, ಭರತಿ ಇವೆಲ್ಲವನ್ನೂ ಕೂಡಿಸಿ ವಾರ್ಡುವಾರು ಲೆಕ್ಕ ಹೇಳುವುದು ಅದರ ಉದ್ದೇಶ.

7. ನಕ್ಷೆ ನೋಡುವಾಗ ಕೇಳಬೇಕಾದವು

ಕೃಷ್ಣಾ ನದಿಯಂತಹ ಲಕ್ಷಾಂತರ ಚದರ ಕಿಲೋಮೀಟರಿನ ಜಲಾನಯನಕ್ಕೆ 90 ಮೀಟರಿನ ಚೌಕ ಧಾರಾಳವಾಗಿ ಸಾಕು. ಮಿಠಿಯ ಒಟ್ಟು ನೀರಿಗೆ 30 ಮೀಟರಿನದು ನಡೆದೀತು. ನಾಲಾಕ್ಕೂ ಓಣಿಗೂ ಒಂದೆರಡು ಮೀಟರಿನ ಚೌಕ, ಗೇಣುದ್ದ ತಪ್ಪದ ಎತ್ತರ, ಜೊತೆಗೆ ಮೋರಿಗಳ ಪಟ್ಟಿ, ಇಷ್ಟೂ ಬೇಕು. ಇನ್ನು ಮುಂದೆ ಇಂಥ ನಕ್ಷೆಯನ್ನು ನೋಡಿದಾಗ, ಅಥವಾ ವಾರ್ಡಿನ ಸಭೆಯಲ್ಲಿ ಯಾರಾದರೂ ತೋರಿಸಿದಾಗ, ವಾಚಕರು ವಿನಯದಿಂದ ಈ ಐದು ಪ್ರಶ್ನೆಗಳನ್ನು ಕೇಳಬಹುದು:

ಚೌಕದ ಅಳತೆ ಎಷ್ಟು?
ಎತ್ತರದಲ್ಲಿ ಎಷ್ಟು ಮೀಟರ್ ತಪ್ಪಿರಬಹುದು?
ಅಂಕಿಗಳು ಯಾವ ವರ್ಷದವು?
ಅಳೆದದ್ದು ನೆಲವನ್ನೋ ಮಾಡನ್ನೋ?
ನಮ್ಮ ಮೋರಿಗಳನ್ನು ಸೇರಿಸಿದ್ದೀರಾ?

ನಕ್ಷೆಯಲ್ಲಿ ಬಣ್ಣವಿಲ್ಲದ ಜಾಗದಲ್ಲಿ ಅಪಾಯವಿಲ್ಲವೆಂದು ತಿಳಿಯಬಾರದು. ಕಳೆದ ಮಳೆಗಾಲಗಳಲ್ಲಿ ತಮ್ಮ ಚಾಳಿನ ಗೋಡೆಯ ಮೇಲೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ವಾಚಕರಿಗೆ ಗೊತ್ತು. ದಿನಾಂಕ, ಹೊತ್ತು, ಗೋಡೆಯ ಗುರುತು, ಹತ್ತಿರದ ಮೋರಿಯ ಸ್ಥಿತಿ, ಇವುಗಳನ್ನು ಒಂದು ಪೋಸ್ಟ್ ಕಾರ್ಡಿನಷ್ಟು ಕಾಗದದಲ್ಲಿ ಬರೆದು ವಾರ್ಡ್ ಕಚೇರಿಗೆ ಕೊಟ್ಟರೆ ಲೆಕ್ಕ ತಾಳೆ ನೋಡುವವರಿಗೆ ಅದು ಆಕಾಶದ ಯಂತ್ರ ಕೊಡಲಾರದ ಅಂಕಿ. ಬರೆಯಲು ಬಾರದವರಿದ್ದರೆ ನಮ್ಮ ವಾಚನಾಲಯಕ್ಕೆ ಬಂದು ಹೇಳಲಿ. ಮರಾಠಿಯಲ್ಲಿ ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಅಭ್ಯಾಸ

1. ಒಂದು ಓಣಿಯ ನಾಲಾಕ್ಕೆ 9 ಹೆಕ್ಟೇರ್ ನೆಲದ ನೀರು ಬರುತ್ತದೆ. ಗಂಟೆಗೆ 40 ಮಿ.ಮೀ. ಮಳೆ, ಏನೂ ಇಂಗುವುದಿಲ್ಲ. ಸೆಕೆಂಡಿಗೆ ಎಷ್ಟು ಲೀಟರ್? (ಒಂದು ಹೆಕ್ಟೇರಿಗೆ 10,000 ಚದರ ಮೀಟರ್.)

2. 30 ಮೀಟರಿಗೊಂದರಂತೆ ಎತ್ತರಗಳು: 4, 5, 6, 20, 36, 40. ಅತಿ ಕಡಿದಾದ ಇಳಿಜಾರು ನೂರಕ್ಕೆ ಎಷ್ಟು? 90 ಮೀಟರಿನ ಚೌಕಗಳಾಗಿ ಮಾಡಿದರೆ ಎಷ್ಟು?

3. ತಮ್ಮ ಮನೆಯಿಂದ ಹೊರಟ ಮಳೆನೀರು ಮಿಠಿಗೆ ಹೋಗುತ್ತದೆಯೋ ಠಾಣೆ ಖಾಡಿಗೋ? ಮುಂದಿನ ಮಳೆಯಲ್ಲಿ ಅದರ ಹಿಂದೆ ಸ್ವಲ್ಪ ದೂರ ನಡೆದು ನೋಡಿ. ಹರಿಯುವ ನೀರಿಗೂ ತೆರೆದ ಮ್ಯಾನ್‌ಹೋಲಿಗೂ ದೂರವಿರಿ.

ಉತ್ತರ: (1) 1,000 ಲೀಟರ್. (2) ನೂರಕ್ಕೆ 53. ಚೌಕ ದೊಡ್ಡದು ಮಾಡಿದರೆ ನೂರಕ್ಕೆ 30. (3) ವಾಚಕರೇ ಬಂದು ನಮಗೆ ತಿಳಿಸಬೇಕು. ವಾಚನಾಲಯದ ಗೋಡೆಯ ನಕ್ಷೆಯ ಮೇಲೆ ಗುರುತು ಹಾಕುವೆವು.